1996ರ ಅಂಬಾಸಿಡರ್‌ನ ಹಳೆಯ ಎಸಿ: ಗ್ಯಾಸ್ ಬದಲಿಸಿದರೆ ಸಾಕೇ, ಇಡೀ ವ್ಯವಸ್ಥೆಯನ್ನೇ ಬದಲಿಸಬೇಕೇ?

ಕಲ್ಲಹಳ್ಳಿ ಅಂಬಾಸಿಡರ್, ಮಂಡ್ಯ

ಮಾನ್ಯರೇ,

ನಮ್ಮ ಮನೆಯಲ್ಲಿ 1996ರ ಅಂಬಾಸಿಡರ್ 1800 ಐಎಸ್‌ಝಡ್ ಕಾರಿದೆ. ತಂದೆಯವರು ಹೊಸದಾಗಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಮಾರುವ ಮನಸ್ಸಾಗದೆ ನಾನೇ ಓಡಿಸುತ್ತಿದ್ದೇನೆ. ಇಸುಝು ಎಂಜಿನ್ನಿನ ಬಗ್ಗೆ ನನ್ನದು ಯಾವ ದೂರೂ ಇಲ್ಲ. ತೊಂದರೆ ಇರುವುದು ಎಸಿಯಲ್ಲಿ ಮಾತ್ರ.

ಈ ಎಸಿ ಕಾರಿನೊಂದಿಗೆ ಬಂದದ್ದಲ್ಲ, ಕೊಂಡ ಮರುವರ್ಷ ಹೊರಗಡೆ ಹಾಕಿಸಿದ್ದು. ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕಿದ ಪೆಟ್ಟಿಗೆಯೊಳಗೆ ಕೂಲಿಂಗ್ ಕಾಯಿಲ್ ಮತ್ತು ಬ್ಲೋವರ್ ಇವೆ. ಎಂಜಿನ್ ಪಕ್ಕದಲ್ಲಿ ಐದು ಪಿಸ್ಟನ್ನಿನ 508 ಮಾದರಿಯ ಕಂಪ್ರೆಸರ್ ಇದೆ. ರೇಡಿಯೇಟರಿನ ಮುಂದೆ, ದುಂಡು ಕೊಳವೆಗಳಿಗೆ ಅಲ್ಯುಮಿನಿಯಂ ರೆಕ್ಕೆಗಳನ್ನು ಪೋಣಿಸಿದ ಹಳೆಯ ಬಗೆಯ ಕಂಡೆನ್ಸರ್ ಇದ್ದು, ಅದರ ಮುಂದೆ ಒಂದು ವಿದ್ಯುತ್ ಫ್ಯಾನ್ ಕೂರಿಸಿದ್ದಾರೆ. ಬಾನೆಟ್ಟಿನ ಒಳಬದಿಯಲ್ಲಿ ಅಂಟಿಸಿದ್ದ ಚೀಟಿ ಬಹುಮಟ್ಟಿಗೆ ಮಾಸಿದ್ದರೂ ‘ಆರ್-12’ (ಹಳೆಯ ಕಾಲದ ಎಸಿ ಗ್ಯಾಸಿನ ಹೆಸರು) ಎಂಬ ಅಕ್ಷರಗಳು ಇನ್ನೂ ಕಾಣುತ್ತವೆ.

ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವಾಗ ಎಸಿ ಒಂದು ಮಟ್ಟಿಗೆ ತಂಪು ಕೊಡುತ್ತದೆ. ಆದರೆ ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದೊಳಗೆ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ, ಇಲ್ಲವೇ ಮೈಸೂರಿನ ರಿಂಗ್ ರಸ್ತೆಯ ಸಿಗ್ನಲಿನಲ್ಲಿ ಐದು ನಿಮಿಷ ನಿಂತರೆ, ಬರುವ ಗಾಳಿ ಫ್ಯಾನಿನ ಗಾಳಿಗಿಂತ ಉತ್ತಮವೇನಲ್ಲ. ತಿಂಗಳಿಗೆ ಎರಡು ಬಾರಿ ತಾಯಿಯವರನ್ನು ಚಿಕಿತ್ಸೆಗೆಂದು ಮೈಸೂರಿಗೆ ಕರೆದೊಯ್ಯಬೇಕಾಗಿರುವುದರಿಂದ ಈ ಬೇಸಿಗೆಯಲ್ಲಾದರೂ ಇದನ್ನು ಸರಿಪಡಿಸಬೇಕೆಂದಿದ್ದೇನೆ.

ಮೂರು ಕಡೆ ವಿಚಾರಿಸಿದೆ, ಮೂರು ಬಗೆಯ ಉತ್ತರ ಬಂತು. ಒಬ್ಬರು ಈಗಿರುವುದರ ಮೇಲೆಯೇ 134 ಗ್ಯಾಸ್ ತುಂಬಿಸಿ, ಸಾಕು ಎಂದರು. ಇನ್ನೊಬ್ಬರು ಕಂಪ್ರೆಸರ್ ಚಿಕ್ಕದಾಯಿತು, ದೊಡ್ಡದು ಹಾಕಿಸಿ ಎಂದರು. ಮೂರನೆಯವರು ಹೊಸ ಕಾಲದ ಕಾರೊಂದರ ಎಸಿಯನ್ನು ಪೂರ್ತಿ ಬಿಚ್ಚಿ ತಂದು ಕೂರಿಸುವ ಮಾತಾಡಿದರು. ನಲವತ್ತು ಸಾವಿರದವರೆಗೆ ಖರ್ಚು ಮಾಡಲು ಸಿದ್ಧನಿದ್ದೇನೆ, ಆದರೆ ಎಲ್ಲಿ ಖರ್ಚು ಮಾಡಬೇಕೆಂಬುದೇ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಬನ್ನಿಮಂಟಪದ ಹಳೆಯ ಕೈ, ಮೈಸೂರು

ನಮಸ್ಕಾರ. ವಾಹನಗಳ ಎಸಿ ಕೆಲಸವನ್ನು ಇಪ್ಪತ್ತೆಂಟು ವರ್ಷ ಮಾಡಿ ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದೇನೆ. ಕಾರನ್ನು ನಮ್ಮಲ್ಲಿಗೇ ತನ್ನಿ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನೀವು ಯಾರ ಬಳಿ ಹೋದರೂ ಏನು ಕೇಳಬೇಕೆಂಬುದು ಗೊತ್ತಿರಲಿ ಎಂದು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಕಂಪ್ರೆಸರ್ ತನ್ನ ಕೆಲಸವನ್ನು ಮಾಡುತ್ತಿದೆ, ಗ್ಯಾಸೂ ತಕ್ಕಮಟ್ಟಿಗೆ ಇದೆ. ಒಳಗಿನಿಂದ ಹೊತ್ತು ತಂದ ಶಾಖವನ್ನು ಕಂಡೆನ್ಸರ್ ಹೊರಗೆ ಚೆಲ್ಲಲಾಗುತ್ತಿಲ್ಲ ಎಂದು ಅರ್ಥ. ಎಸಿ ಎಂಬುದು ತಂಪನ್ನು ತಯಾರಿಸುವ ಯಂತ್ರವಲ್ಲ, ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುವ ಯಂತ್ರ. ಹೊರಗೆ ಇಳಿಸುವ ಜಾಗದಲ್ಲಿಯೇ ದಟ್ಟಣೆಯಿದ್ದರೆ ಒಳಗಿನಿಂದ ಎಷ್ಟು ಹೇರಿದರೂ ಪ್ರಯೋಜನವಿಲ್ಲ. ಆ ಸ್ಥಿತಿಯಲ್ಲಿ ದೊಡ್ಡ ಕಂಪ್ರೆಸರ್ ಹಾಕಿಸಿದರೆ ಕಂಡೆನ್ಸರ್ ಕಡೆಯ ಒತ್ತಡ ಇನ್ನೂ ಏರಿ, ನಿಂತಾಗಿನ ತೊಂದರೆ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ. 508 ಕಂಪ್ರೆಸರ್ ಒಂದು ಸುತ್ತಿಗೆ 138 ಘನ ಸೆಂಟಿಮೀಟರ್ ಗ್ಯಾಸ್ ತಳ್ಳುತ್ತದೆ. ಅಂಬಾಸಿಡರಿನಷ್ಟು ದೊಡ್ಡ ಒಳಾಂಗಣಕ್ಕೂ ಅದು ಸಾಕು.

ಹಣ ಬಿಚ್ಚುವ ಮೊದಲು ಮೂರು ಪರೀಕ್ಷೆಗಳನ್ನು ನೀವೇ ಮಾಡಿ. ಅಡುಗೆಮನೆಯಲ್ಲಿ ಬಳಸುವಂಥ, ಕಡ್ಡಿಯಿರುವ ಥರ್ಮಾಮೀಟರನ್ನು ಎಸಿ ಗಾಳಿ ಬರುವ ಕಿಂಡಿಯಲ್ಲಿಟ್ಟು, ಮಧ್ಯಾಹ್ನ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ಹದಿನೈದು ನಿಮಿಷ ಓಡಿಸಿ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಿ. ಆಮೇಲೆ ಯಾರಾದರೊಬ್ಬರು ಗ್ರಿಲ್ಲಿನ ಮೂಲಕ ಕಂಡೆನ್ಸರಿನ ಮೇಲೆ ನಿಧಾನವಾಗಿ ಎರಡು ಬಕೆಟ್ ನೀರು ಸುರಿಯಲಿ. ನೀರು ಸುರಿಯುತ್ತಿದ್ದಂತೆ ಒಳಗಿನ ಗಾಳಿ ಐದಾರು ಡಿಗ್ರಿ ಇಳಿದರೆ ನಾನು ಹೇಳಿದ್ದು ದೃಢವಾಯಿತು. ಮೂರನೆಯದಾಗಿ, ಫ್ಯಾನ್ ತಿರುಗುತ್ತಿರುವಾಗ ಗ್ರಿಲ್ಲಿನ ಮುಂದೆ ಒಂದು ದಿನಪತ್ರಿಕೆಯ ಹಾಳೆಯನ್ನು ಹಿಡಿಯಿರಿ. ಹಾಳೆ ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಇದು ಮಕ್ಕಳಾಟದಂತೆ ಕಾಣಬಹುದು. ಆದರೆ ಒತ್ತಡ ಅಳೆಯುವ ಗೇಜ್ ಹಾಕುವ ಮೊದಲೇ ಎಷ್ಟೋ ಕಾರುಗಳ ಕಾಯಿಲೆಯನ್ನು ನಾನು ಈ ಹಾಳೆಯಿಂದಲೇ ಕಂಡುಹಿಡಿದಿದ್ದೇನೆ.

ಇನ್ನು ಗ್ಯಾಸಿನ ವಿಚಾರ. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದಂತೆ ಆರ್-12 ಜಗತ್ತಿನಾದ್ಯಂತ ಹಿಂದೆ ಸರಿಯಿತು. ಆಸ್ತಮಾ ರೋಗಿಗಳ ಇನ್‌ಹೇಲರಿಗೆ ಬೇಕಾದಷ್ಟನ್ನು ಬಿಟ್ಟು ಭಾರತದಲ್ಲಿ ಅಂಥ ಗ್ಯಾಸುಗಳ ತಯಾರಿಕೆ 2008ರ ಆಗಸ್ಟ್ ವೇಳೆಗೆ ನಿಂತಿತು. ಇಂದು ಆರ್-12 ಎಂದು ಯಾರಾದರೂ ಕೊಟ್ಟರೆ ಡಬ್ಬಿಯೊಳಗೆ ಏನಿದೆ ಎಂಬುದಕ್ಕೆ ಖಾತರಿಯಿಲ್ಲ. ಆದ್ದರಿಂದ 134ಎ ಗ್ಯಾಸಿಗೆ ಹೋಗುವುದು ಅನಿವಾರ್ಯ. ಆದರೆ ‘ಇರುವುದರ ಮೇಲೆಯೇ ತುಂಬಿಸಿ’ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಆರ್-12 ಜೊತೆಗೆ ಓಡಾಡುವ ಖನಿಜ ಎಣ್ಣೆ 134ಎ ಗ್ಯಾಸಿನಲ್ಲಿ ಬೆರೆಯುವುದಿಲ್ಲ. ಗ್ಯಾಸ್ ತಿರುಗುತ್ತದೆ, ಎಣ್ಣೆ ಮಾತ್ರ ಕೂಲಿಂಗ್ ಕಾಯಿಲಿನ ತಳದಲ್ಲಿ ಕುಳಿತುಬಿಡುತ್ತದೆ, ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಎರಡು ಗ್ಯಾಸುಗಳು ಬೆರೆತರೆ ಅವುಗಳ ಒತ್ತಡ ಎರಡಕ್ಕಿಂತಲೂ ಮೇಲೇರುತ್ತದೆ ಎಂಬುದು ಬೇರೆ.

ಸರಿಯಾಗಿ ಬದಲಿಸುವುದೆಂದರೆ ಹೀಗೆ: ಹಳೆಯ ಗ್ಯಾಸನ್ನು ಯಂತ್ರದಿಂದ ಹೊರತೆಗೆದು, ಕಂಪ್ರೆಸರನ್ನು ಇಳಿಸಿ, ಅದರ ಎಣ್ಣೆಯನ್ನು ಪೂರ್ತಿ ಬಸಿದು, ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ತೊಳೆಯುವ ದ್ರವ ಹಾಯಿಸಿ ಶುಚಿ ಮಾಡಬೇಕು. ಹೊಸ ಎಣ್ಣೆಯಾಗಿ ಪಿಎಜಿ ಅಥವಾ ಎಸ್ಟರ್ ಹಾಕಬಹುದು. ನಿಮ್ಮಂಥ ಹಳೆಯ ವ್ಯವಸ್ಥೆಗೆ ನನ್ನ ಮತ ಎಸ್ಟರಿಗೆ, ಏಕೆಂದರೆ ಎಲ್ಲೋ ಉಳಿದ ಹಳೆಯ ಎಣ್ಣೆಯ ತೇವವನ್ನು ಅದು ಸಹಿಸಿಕೊಳ್ಳುತ್ತದೆ. ಡ್ರೈಯರ್ ಬಾಟಲಿ ಹೊಸದೇ ಆಗಬೇಕು, ಏಕೆಂದರೆ ಹಳೆಯದರೊಳಗಿನ ತೇವ ಹೀರುವ ಕಾಳುಗಳು 134ಎ ಗ್ಯಾಸಿಗೆ ತಕ್ಕವಲ್ಲ. ಜೋಡಣೆಗಳ ರಬ್ಬರ್ ಬಳೆಗಳನ್ನೆಲ್ಲ ಎಚ್‌ಎನ್‌ಬಿಆರ್ ರಬ್ಬರಿನವುಗಳಿಗೆ ಬದಲಿಸಿ. ಅವು ಸಾಮಾನ್ಯವಾಗಿ ಹಸಿರು ಬಣ್ಣದವು. 134ಎ ಅಣು ಚಿಕ್ಕದು, ಹಳೆಯ ರಬ್ಬರ್ ಪೈಪಿನ ಗೋಡೆಯಿಂದಲೇ ಮೆಲ್ಲಗೆ ಸೋರುತ್ತದೆ. ಒಳಗೆ ನೈಲಾನ್ ಪದರವಿರುವ ಪೈಪನ್ನು ಅಳತೆಗೆ ಕತ್ತರಿಸಿ, ತುದಿಯ ಲೋಹದ ಬಳೆಯನ್ನು ಒತ್ತಿ ಬಿಗಿಸಿ (ಕ್ರಿಂಪ್) ಮಾಡಿಸಿ. ಹಳೆಯ ಪೈಪಿಗೆ ಎಣ್ಣೆ ಇಂಗಿರುವುದರಿಂದ ಸೋರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಇಷ್ಟು ವರ್ಷದ ರಬ್ಬರಿನ ಮೇಲೆ ನಾನು ಭರವಸೆ ಇಡಲಾರೆ.

ನಿಮ್ಮ ಹಣದ ದೊಡ್ಡ ಪಾಲು ಹೋಗಬೇಕಾದದ್ದು ಕಂಡೆನ್ಸರಿಗೆ. 60 ಡಿಗ್ರಿಯಲ್ಲಿ ಆರ್-12 ದ್ರವವಾಗಲು ಸುಮಾರು 15.2 ಬಾರ್ ಒತ್ತಡ ಸಾಕು, 134ಎ ಗ್ಯಾಸಿಗೆ ಸುಮಾರು 16.8 ಬಾರ್ ಬೇಕು. ಅಂದರೆ ಅದೇ ಕಂಡೆನ್ಸರಿನಲ್ಲಿ ಹೊಸ ಗ್ಯಾಸ್ ಇನ್ನಷ್ಟು ಹೆಣಗುತ್ತದೆ. ಈಗಲೇ ನಿಂತಾಗ ಸೋಲುತ್ತಿರುವ ನಿಮ್ಮ ಕಂಡೆನ್ಸರ್ ಆಗ ಪೂರ್ತಿ ಕೈಚೆಲ್ಲುತ್ತದೆ. ಹಳೆಯದರಲ್ಲಿ ಒಂದೇ ದುಂಡು ಕೊಳವೆ ಹಾವಿನಂತೆ ಸುತ್ತಿ ಬರುತ್ತದೆ. ಈಗಿನ ಪ್ಯಾರಲಲ್ ಫ್ಲೋ ಕಂಡೆನ್ಸರಿನಲ್ಲಿ ಹಲವು ಚಪ್ಪಟೆ ಕೊಳವೆಗಳು ಸಮಾಂತರವಾಗಿರುತ್ತವೆ, ಪ್ರತಿಯೊಂದರೊಳಗೂ ಸಣ್ಣ ಸಣ್ಣ ದಾರಿಗಳಿರುತ್ತವೆ. ಅದೇ ಅಳತೆಯ ಜಾಗದಲ್ಲಿ ಗಣನೀಯವಾಗಿ ಹೆಚ್ಚು ಶಾಖವನ್ನು ಬಿಡುತ್ತದೆ. ಗ್ರಿಲ್ಲಿಗೂ ರೇಡಿಯೇಟರಿಗೂ ನಡುವೆ ಇರುವ ಜಾಗದ ಎತ್ತರ, ಅಗಲ, ಆಳಗಳನ್ನು ಅಳೆದುಕೊಂಡು ಹೋಗಿ, ಹಿಡಿಸುವಷ್ಟು ದೊಡ್ಡದನ್ನು ತನ್ನಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸುತ್ತಲ ಸಂದುಗಳನ್ನು ಸ್ಪಂಜು ಪಟ್ಟಿಯಿಂದ ಮುಚ್ಚಿಸಿ, ಇಲ್ಲದಿದ್ದರೆ ಗಾಳಿ ಒಳಗೆ ಹಾಯುವ ಬದಲು ಪಕ್ಕದಿಂದ ನುಸುಳಿಬಿಡುತ್ತದೆ.

ಕೊನೆಯದಾಗಿ, ಗ್ಯಾಸ್ ತುಂಬುವ ದಿನ ಪಕ್ಕದಲ್ಲಿಯೇ ನಿಂತಿರಿ. ವ್ಯಾಕ್ಯೂಮ್ ಪಂಪನ್ನು ಕನಿಷ್ಠ ಮುಕ್ಕಾಲು ಗಂಟೆ ಓಡಿಸಬೇಕು. ಒಳಗಿನ ತೇವ 30 ಡಿಗ್ರಿಯಲ್ಲಿ ಕುದಿದು ಆವಿಯಾಗಿ ಹೊರಬರಬೇಕಾದರೆ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಳಿಯಬೇಕು. ಇಲ್ಲಿ ನಮ್ಮ ಊರಿನದೇ ಒಂದು ತಮಾಷೆಯಿದೆ. ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಕೆಳಗಿದೆ ಎಂಬುದನ್ನು ಗೇಜ್ ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ. ಪುಸ್ತಕಗಳಲ್ಲಿ ಅದು 29 ಇಂಚಿಗಿಂತ ಮೇಲೆ ತೋರಿಸಬೇಕೆಂದು ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಪರಿಪೂರ್ಣ ನಿರ್ವಾತವಿದ್ದರೂ ಮುಳ್ಳು 27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದನ್ನು ಅರಿಯದೆ ಇಲ್ಲದ ಸೋರಿಕೆಯನ್ನು ದಿನವಿಡೀ ಹುಡುಕಿದ ಹುಡುಗರನ್ನು ನೋಡಿದ್ದೇನೆ. ಪಂಪ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಮುಳ್ಳು ಅಲುಗದಿರುವುದೇ ಮುಖ್ಯ. ಗ್ಯಾಸನ್ನು ತೂಕದ ಯಂತ್ರದ ಮೇಲಿಟ್ಟೇ ತುಂಬಿಸಿ, ಆರ್-12 ಎಷ್ಟು ಗ್ರಾಂ ಹಿಡಿಯುತ್ತಿತ್ತೋ ಅದರ ಶೇ 80ರಿಂದ 85ರಷ್ಟು ಸಾಕು. ಡ್ರೈಯರಿನ ಗಾಜಿನ ಕಣ್ಣಿನಲ್ಲಿ ಗುಳ್ಳೆ ಮಾಯವಾಗುವವರೆಗೆ ತುಂಬುವುದು ಆರ್-12 ಕಾಲದ ರೂಢಿ. 134ಎ ಗ್ಯಾಸಿಗೆ ಹಾಗೆ ಮಾಡಿದರೆ ಹೆಚ್ಚಾಗಿಬಿಡುತ್ತದೆ. ಅಂಥ ಹಳೆಯ ಜೋಡಣೆಗಳಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಬಿಟ್ಟರೆ ಬೇರೆ ಕಾವಲು ಇರುವುದಿಲ್ಲ. ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೂ 30 ಬಾರ್ ಸಮೀಪಕ್ಕೆ ಏರಿದರೂ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ಚನ್ನು ಬಿಡಿಸುವ ಪ್ರೆಷರ್ ಸ್ವಿಚ್ಚನ್ನು ತಪ್ಪದೆ ಹಾಕಿಸಿ.

ಹುಣಸೂರು ರಸ್ತೆ ಪದ್ಮಿನಿ, ಮೈಸೂರು

ಮೇಲಿನ ಹಿರಿಯರು ‘ಕೇಳಬೇಡಿ’ ಎಂದ ಸಲಹೆಯನ್ನು ಕೇಳಿದವನು ನಾನು. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಮೂರು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ (ಹೆಸರು ಬೇಡ) ಉಳಿದಿದ್ದ ಆರ್-12 ಮೇಲೆಯೇ 134ಎ ತುಂಬಿ, ಅರ್ಧ ಗಂಟೆಯಲ್ಲಿ ಕಳುಹಿಸಿಕೊಟ್ಟರು. ಮೊದಲ ದಿನ ಗಾಳಿ ಬಹಳ ಚೆನ್ನಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು, ಅದಕ್ಕಾಗಿಯೇ ಜನ ಮೋಸಹೋಗುವುದು. ಮೂರನೆಯ ವಾರ ಚಾಮುಂಡಿ ಬೆಟ್ಟ ಹತ್ತುವಾಗ ಬೆಲ್ಟ್ ಕಿರುಚಿತು, ಸುಟ್ಟ ರಬ್ಬರಿನ ವಾಸನೆ ಬಂತು, ಕಂಪ್ರೆಸರ್ ಹಿಡಿದುಕೊಂಡಿತ್ತು. ಅದರ ಅಲ್ಯುಮಿನಿಯಂ ಪುಡಿ ಕಂಡೆನ್ಸರ್, ಎಕ್ಸ್‌ಪ್ಯಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲಿಗೆ ಗ್ಯಾಸನ್ನು ಅಳತೆಯಲ್ಲಿ ಬಿಡುವ ಕಿರುದಾರಿ), ಡ್ರೈಯರ್ ಎಲ್ಲದರೊಳಗೂ ಸೇರಿಹೋಗಿತ್ತು. ಅಂದು ಎಂಟುನೂರು ರೂಪಾಯಿ ಉಳಿಸಿದೆನೆಂದುಕೊಂಡವನು ಆಮೇಲೆ ಎಲ್ಲವನ್ನೂ ಹೊಸದಾಗಿ ಹಾಕಿಸಬೇಕಾಯಿತು.

ಎರಡನೆಯ ಸಲ ಕಲಿತದ್ದನ್ನು ಹೇಳುತ್ತೇನೆ. ಕಾರಿನ ಎಸಿ ಕಂಪ್ರೆಸರ್ ಎಂಜಿನ್ನಿನಿಂದ ಮೂರು ನಾಲ್ಕು ಅಶ್ವಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ನಿಮ್ಮ ಇಸುಝು ಎಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಪದ್ಮಿನಿಯ ನಲವತ್ತು ಚಿಲ್ಲರೆ ಅಶ್ವಶಕ್ತಿಯಲ್ಲಿ ಅದು ಹತ್ತನೆಯ ಒಂದು ಪಾಲು. ಹೀಗಾಗಿ, ಕ್ಲಚ್ ಕಚ್ಚಿದಾಗ ಕಾರ್ಬುರೇಟರಿನ ಥ್ರಾಟಲನ್ನು ಸ್ವಲ್ಪ ಎಳೆದು ಐಡಲನ್ನು (ಕಾರು ನಿಂತಾಗಿನ ಎಂಜಿನ್ ವೇಗವನ್ನು) ಎತ್ತುವ ವ್ಯಾಕ್ಯೂಮ್ ಸಾಧನವೊಂದನ್ನು ಹಾಕಿಸಿದೆ. ನಿಮ್ಮದೂ ಕಾರ್ಬುರೇಟರ್ ಎಂಜಿನ್ನೇ ಆದ್ದರಿಂದ ಸಿಗ್ನಲಿನಲ್ಲಿ ಎಂಜಿನ್ ನಡುಗುತ್ತಿದ್ದರೆ ಅದನ್ನು ವಿಚಾರಿಸಿ. ಐಡಲ್ ಬಿದ್ದರೆ ಕಂಪ್ರೆಸರೂ ನಿಧಾನವಾಗುತ್ತದೆ, ಆಲ್ಟರ್ನೇಟರೂ ಸೊರಗುತ್ತದೆ, ಅದರೊಂದಿಗೆ ಫ್ಯಾನೂ.

ವೈರಿಂಗ್ ಮರೆಯಬೇಡಿ. ಫ್ಯಾನಿಗೆ ಹತ್ತು ಆಂಪಿಯರ್, ಬ್ಲೋವರಿಗೆ ಹೆಚ್ಚು ಕಡಿಮೆ ಅಷ್ಟೇ, ಕ್ಲಚ್ಚಿಗೆ ನಾಲ್ಕು, ರಾತ್ರಿಯಾದರೆ ಹೆಡ್‌ಲೈಟಿಗೆ ಇನ್ನೊಂದು ಹತ್ತು. ಇಷ್ಟೂ ಹಳೆಯ ಸ್ವಿಚ್ಚಿನ ಮೂಲಕ ಹಾಯ್ದರೆ ಫ್ಯಾನನ್ನು ತಲುಪುವುದು ಹತ್ತು ವೋಲ್ಟ್ ಮಾತ್ರ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆಸಿ, ಫ್ಯೂಸ್ ಮತ್ತು ರಿಲೇ (ಸಣ್ಣ ಸ್ವಿಚ್ಚಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಹಾಕಿಸಿದ ದಿನ ನನ್ನ ಫ್ಯಾನಿನ ಸದ್ದೇ ಬದಲಾಯಿತು.

ಕಲ್ಲಹಳ್ಳಿ ಅಂಬಾಸಿಡರ್, ಮಂಡ್ಯ

ಹಿರಿಯರು ಹೇಳಿದ ಪರೀಕ್ಷೆಗಳನ್ನು ಭಾನುವಾರ ಮಾಡಿದೆ. ಬರೆಯಲು ನಾಚಿಕೆಯಾಗುತ್ತಿದೆ. ಹೊರಗೆ 35 ಡಿಗ್ರಿ ಇದ್ದಾಗ ಕಿಂಡಿಯ ಗಾಳಿ 23 ಡಿಗ್ರಿ. ದಿನಪತ್ರಿಕೆಯ ಹಾಳೆಯನ್ನು ಗ್ರಿಲ್ಲಿನ ಮುಂದೆ ಹಿಡಿದರೆ ಅದು ಅಂಟಿಕೊಳ್ಳುವುದಿರಲಿ, ನನ್ನ ಮುಖಕ್ಕೇ ಹಾರಿತು. ಎರಡು ವರ್ಷಗಳ ಹಿಂದೆ ಫ್ಯಾನಿನ ಮೋಟಾರ್ ಸುಟ್ಟು ಬದಲಿಸಿದಾಗ ತಂತಿಗಳನ್ನು ಅದಲು ಬದಲು ಜೋಡಿಸಿದ್ದಾರೆ ಎಂದು ಕಾಣುತ್ತದೆ. ಅಂದರೆ ಇಷ್ಟು ದಿನ ರೇಡಿಯೇಟರಿನ ಬಿಸಿಯನ್ನೇ ಎಳೆದು ಕಂಡೆನ್ಸರಿಗೆ ಉಣಿಸುತ್ತಿದ್ದೆ. ಈಗ ತಂತಿಗಳನ್ನು ಸರಿಪಡಿಸಿದ್ದೇನೆ, ಗಾಳಿ 18 ಡಿಗ್ರಿಗೆ ಬಂದಿದೆ. ಅದರ ಮೇಲೆ ನೀರು ಸುರಿದಾಗ 13ಕ್ಕೆ ಇಳಿಯಿತು. ಇಷ್ಟಕ್ಕೇ ನಿಲ್ಲಿಸಬಹುದೇ?

ಬನ್ನಿಮಂಟಪದ ಹಳೆಯ ಕೈ, ಮೈಸೂರು

ನಾಚಿಕೆ ಪಡಬೇಕಾದವರು ನೀವಲ್ಲ. ತಂತಿ ಬದಲಿಸಿದ್ದು ಸರಿ, ಆದರೆ ಫ್ಯಾನಿನ ರೆಕ್ಕೆಯನ್ನೂ ನೋಡಿ. ಎಳೆಯುವ ಫ್ಯಾನಿನ ರೆಕ್ಕೆಯನ್ನು ತಿರುಗಿಸಿ ಹಾಕದೆ, ಮೋಟಾರನ್ನು ಮಾತ್ರ ಹಿಂದುಮುಂದಾಗಿ ಓಡಿಸಿದರೆ ಗಾಳಿ ದಿಕ್ಕೇನೋ ಬದಲಾಗುತ್ತದೆ, ಪ್ರಮಾಣ ಮಾತ್ರ ಕುಗ್ಗುತ್ತದೆ. ರೆಕ್ಕೆಯ ತಗ್ಗಾದ ಮುಖ ಗಾಳಿ ಹೋಗಬೇಕಾದ ಕಡೆಗೆ, ಅಂದರೆ ಕಂಡೆನ್ಸರಿನ ಕಡೆಗೆ ಇರಬೇಕು.

ನೀರು ಸುರಿದಾಗ ಇನ್ನೂ ಐದು ಡಿಗ್ರಿ ಇಳಿಯಿತೆಂದರೆ ಕಂಡೆನ್ಸರ್ ಬದಲಿಸಲೇಬೇಕು. ಈಗ ಇರುವುದು ಆರ್-12. ಅದು ಸೋರಿದ ದಿನ ಬೇರೆ ದಾರಿಯಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಒಮ್ಮೆಗೇ ಮಾಡಿಸಿ. ಕೂಲಿಂಗ್ ಕಾಯಿಲಿನ ಪೆಟ್ಟಿಗೆಯನ್ನೂ ಇಳಿಸಿ ತೊಳೆಸಿ. ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕುವ ಪೆಟ್ಟಿಗೆಗಳು ಕಾಲ ಬಳಿಯ ಗಾಳಿಯನ್ನು ಫಿಲ್ಟರಿಲ್ಲದೆ ಎಳೆದುಕೊಳ್ಳುತ್ತವೆ. ನಿಮ್ಮ ಕಡೆಯ ಕಾರುಗಳ ಕಾಯಿಲಿನಲ್ಲಿ ಭತ್ತದ ಹೊಟ್ಟು ಕಂಬಳಿಯಂತೆ ಕೂತಿರುವುದನ್ನು ಕಂಡಿದ್ದೇನೆ. ಜೊತೆಗೆ ರೇಡಿಯೇಟರನ್ನೂ ಒಮ್ಮೆ ನೋಡಿಸಿ. ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರೆ ಒಳಗೆ ಸುಣ್ಣದ ಪದರ ಕಟ್ಟಿರುತ್ತದೆ. ಕಂಡೆನ್ಸರನ್ನು ಹಾಯ್ದು ಬಿಸಿಯಾದ ಗಾಳಿಯಲ್ಲಿಯೇ ಅದು ಎಂಜಿನ್ನನ್ನು ತಣಿಸಬೇಕಲ್ಲ.

ನಂಜನಗೂಡು ಹಾದಿ, ಮೈಸೂರು

ಇಷ್ಟೆಲ್ಲ ಏಕೆ? ಹೈಡ್ರೋಕಾರ್ಬನ್ ಗ್ಯಾಸ್ ಹಾಕಿಸಿದರೆ ಹಳೆಯ ಎಣ್ಣೆಯನ್ನೂ ಬದಲಿಸಬೇಕಿಲ್ಲ, ಒತ್ತಡವೂ ಕಡಿಮೆ, ತಂಪೂ ಹೆಚ್ಚು ಎಂದು ಕೇಳಿದ್ದೇನೆ. ಇಲ್ಲವೇ ಈಗಿನ ಕಾರುಗಳಿಗೆ ಬರುತ್ತಿರುವ 1234ವೈಎಫ್ ಗ್ಯಾಸನ್ನೇ ನೇರವಾಗಿ ಹಾಕಿಸಬಹುದಲ್ಲವೇ? ಅದು ಪರಿಸರಕ್ಕೂ ಒಳ್ಳೆಯದು.

ಬನ್ನಿಮಂಟಪದ ಹಳೆಯ ಕೈ, ಮೈಸೂರು

ತಾವು ಕೇಳಿದ್ದು ಸುಳ್ಳಲ್ಲ. ಪ್ರೊಪೇನ್, ಬ್ಯೂಟೇನ್ ಮಿಶ್ರಣ ಖನಿಜ ಎಣ್ಣೆಯೊಂದಿಗೆ ಬೆರೆಯುತ್ತದೆ, ತಂಪನ್ನೂ ಕೊಡುತ್ತದೆ. ಆದರೆ ಅದು ಅಡುಗೆ ಅನಿಲದ ಬಂಧುವೇ ಆಗಿದೆ. ಕೂಲಿಂಗ್ ಕಾಯಿಲ್ ಇರುವುದು ಪ್ರಯಾಣಿಕರ ಕಾಲ ಬುಡದಲ್ಲಿ, ಅದರ ಪಕ್ಕದಲ್ಲಿಯೇ ಕಿಡಿ ಹಾರಿಸುವ ಬ್ಲೋವರ್ ಮೋಟಾರ್. ಕಿಟಕಿ ಮುಚ್ಚಿದ ಕಾರಿನಲ್ಲಿ ಕಾಯಿಲ್ ತೂತಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಅಂಗಡಿಯಲ್ಲಿ ಒಂದು ಕಾರಿಗೂ ಅದನ್ನು ಹಾಕಿಲ್ಲ. ಅಗ್ಗದ ಡಬ್ಬಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: 134ಎ ಎಂಬ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ನಕಲಿ ಗ್ಯಾಸ್ ಸಿಕ್ಕಿರುವ ಪ್ರಕರಣಗಳು ಜಗತ್ತಿನಲ್ಲಿ ನಡೆದಿವೆ. ಅದು ಅಲ್ಯುಮಿನಿಯಂ ಜೊತೆ ವರ್ತಿಸಿ, ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ.

1234ವೈಎಫ್ ವಿಚಾರದಲ್ಲಿ ಪರಿಸರದ ಮಾತು ನಿಜ. ಭೂಮಿಯನ್ನು ಬಿಸಿ ಮಾಡುವ ಗುಣದಲ್ಲಿ ಇಂಗಾಲದ ಡೈಆಕ್ಸೈಡನ್ನು 1 ಎಂದಿಟ್ಟರೆ ಆರ್-12 ಸುಮಾರು 10,900, 134ಎ ಸುಮಾರು 1,430, ಇದು 5ಕ್ಕಿಂತಲೂ ಕಡಿಮೆ. ಆದರೆ ಬೆಲೆ ಹಲವು ಪಟ್ಟು, ಇದೂ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸೇ. ಪೈಪುಗಳನ್ನು ಕೈಯಿಂದ ಜೋಡಿಸಿದ ಹಳೆಯ ಕಾರಿಗೆ ನಾನು ಇದನ್ನು ಸೂಚಿಸಲಾರೆ. ಸೋರದಂತೆ ಕೆಲಸ ಮಾಡಿಸುವುದು, ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಲ್ಲಿ ಹಿಡಿಸುವುದು, ಇವೆರಡು ನಮ್ಮ ಕೈಯಲ್ಲಿವೆ.

ಸರಸ್ವತಿಪುರಂ ಮೇಷ್ಟ್ರು, ಮೈಸೂರು

ಹೊರಗಿನ ಅರ್ಧದ ಬಗ್ಗೆ ಎಲ್ಲರೂ ಬರೆದಿದ್ದೀರಿ, ಒಳಗಿನ ಅರ್ಧದ ಬಗ್ಗೆ ನಾನು ನಾಲ್ಕು ಮಾತು ಸೇರಿಸುತ್ತೇನೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಶಾಖ ಹರಿವಿನ ವಿಷಯವನ್ನು ಪಾಠ ಮಾಡಿದವನು, ಮನೆಯಲ್ಲಿ ಹಳೆಯ ಜಿಪ್ಸಿ ಇಟ್ಟುಕೊಂಡವನು. ಒಂದು ಟನ್ ಎಸಿ ಎಂದರೆ ಮೂರೂವರೆ ಕಿಲೋವಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಕಾರಿನ ಎಸಿ ಸರಿಸುಮಾರು ಅಷ್ಟರದು. ಹಾಸಿಗೆ ಕೋಣೆಯೊಂದಕ್ಕೆ ಸಾಲುವಷ್ಟು ಎಸಿ ಕಾರಿಗೆ ಏಕೆ ಸಾಲದೆಂದರೆ, ಕಾರು ಸುತ್ತಲೂ ಗಾಜಿರುವ, ಒಂದು ಗೋಡೆಯಾಚೆ ಒಲೆ ಉರಿಯುತ್ತಿರುವ ಕೋಣೆ. ಬೇಸಿಗೆಯ ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಹೆಚ್ಚು ಕಡಿಮೆ ಒಂದು ಕಿಲೋವಾಟ್ ಸುರಿಯುತ್ತದೆ. ಒಳಗೆ ಕುಳಿತ ಒಬ್ಬೊಬ್ಬರೂ ನೂರು ವಾಟಿನಷ್ಟು ಶಾಖ ಬಿಡುತ್ತಾರೆ. ಇವೆರಡನ್ನೂ ನಾವು ಹೆಚ್ಚು ಬದಲಿಸಲಾರೆವು, ಆದರೆ ಫೈರ್‌ವಾಲ್ (ಎಂಜಿನ್ನಿಗೂ ಒಳಾಂಗಣಕ್ಕೂ ನಡುವಿನ ತಗಡಿನ ಗೋಡೆ) ಮತ್ತು ಗೇರ್‌ಬಾಕ್ಸ್ ಮೇಲಿನ ತಗಡಿನಿಂದ ಬರುವ ಶಾಖವನ್ನು ಖಂಡಿತ ತಡೆಯಬಹುದು.

ರಾತ್ರಿ ಕತ್ತಲಲ್ಲಿ ಬಾನೆಟ್ ತೆರೆದು, ಫೈರ್‌ವಾಲ್ ಕಡೆಗೆ ಪ್ರಖರವಾದ ಟಾರ್ಚ್ ಹಿಡಿದು, ಇನ್ನೊಬ್ಬರನ್ನು ಒಳಗೆ ಕೂರಿಸಿ ನೋಡಿಸಿ. ಪೆಡಲುಗಳ ಬುಡ, ಸ್ಟೀರಿಂಗ್ ಕಂಬ, ವೈರುಗಳು ಹಾಯುವ ತೂತು, ಎಸಿ ಪೈಪಿಗಾಗಿ ಕೊರೆದ ತೂತು, ಎಲ್ಲೆಲ್ಲಿ ಬೆಳಕು ಕಾಣುತ್ತದೆಯೋ ಅಲ್ಲೆಲ್ಲ ಎಂಜಿನ್ನಿನ ಬಿಸಿಗಾಳಿ ಒಳಗೆ ಬರುತ್ತದೆ. ಅವುಗಳನ್ನು ರಬ್ಬರ್ ಬಳೆಗಳಿಂದ ಮುಚ್ಚಿಸಿ. ನೆಲದ ಕಾರ್ಪೆಟ್ ತೆಗೆಸಿ, ಎಸಿ ಪೈಪುಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆಯನ್ನು ತಗಡಿಗೆ ಅಂಟಿಸಿ. ನೀರು ಹೀರುವ ಸಾಧಾರಣ ಸ್ಪಂಜನ್ನು ಮಾತ್ರ ಅಂಟಿಸಬೇಡಿ, ಅದರ ಕೆಳಗೆ ತಗಡು ತುಕ್ಕು ಹಿಡಿಯುತ್ತದೆ. ಹೀಟರ್ ಇದ್ದರೆ ಅದಕ್ಕೆ ಬಿಸಿನೀರು ಹೋಗುವ ವಾಲ್ವ್ ಪೂರ್ತಿ ಮುಚ್ಚುತ್ತದೆಯೇ ನೋಡಿ. ಮೈಸೂರಿನ ಹವೆಗೆ ಅದನ್ನು ಕಾಯಂ ಆಗಿ ಮುಚ್ಚಿಸಿದರೂ ನಷ್ಟವಿಲ್ಲ. ಗಾಜಿಗೆ ಕಪ್ಪು ಹಾಳೆ ಅಂಟಿಸುವ ಆಸೆ ಬೇಡ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಶೇ 50 ಬೆಳಕು ಹಾಯಬೇಕೆಂಬ ನಿಯಮವಿದೆ.

ಕಲ್ಲಹಳ್ಳಿ ಅಂಬಾಸಿಡರ್, ಮಂಡ್ಯ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲ ಕೆಲಸವೂ ಮುಗಿಯಿತು. ಕಂಪ್ರೆಸರ್ ಹಳೆಯದೇ, ಅದರ ದಂಡದ ಸೀಲನ್ನು ಮಾತ್ರ ಹೊಸದು ಮಾಡಿಸಿದೆ. ಕಂಡೆನ್ಸರ್ ಪ್ಯಾರಲಲ್ ಫ್ಲೋ, ಜಾಗದ ಅಳತೆಗೆ ಹುಡುಕುವುದಕ್ಕೇ ಎರಡು ವಾರ ಹಿಡಿಯಿತು. ಗ್ರಿಲ್ಲಿನ ಹಿಂದಿನ ಬೀಗದ ಕಬ್ಬಿಣ ಅಡ್ಡ ಬಂದದ್ದರಿಂದ ನಾನು ಆಸೆಪಟ್ಟದ್ದಕ್ಕಿಂತ ಎರಡು ಇಂಚು ಗಿಡ್ಡದನ್ನು ಕೂರಿಸಬೇಕಾಯಿತು. ಪೈಪು, ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್, ಪ್ರೆಷರ್ ಸ್ವಿಚ್, ಫ್ಯಾನ್, ರಿಲೇ ಎಲ್ಲ ಹೊಸದು. ಕೂಲಿಂಗ್ ಕಾಯಿಲಿನಿಂದ ಹೊಟ್ಟು ಬರಲಿಲ್ಲ, ತಂದೆಯವರ ಕಾಲದ ಬಸ್ ಟಿಕೆಟ್ ಒಂದು ಮತ್ತು ಒಂದು ಹಿಡಿ ಧೂಳು ಬಂತು. ಮೇಷ್ಟ್ರು ಹೇಳಿದ ಟಾರ್ಚ್ ಪರೀಕ್ಷೆಯಲ್ಲಿ ಐದು ಕಡೆ ಬೆಳಕು ಕಂಡಿತು. ರಬ್ಬರ್ ಹಾಳೆಯನ್ನು ನಾನೇ ಅಂಟಿಸಿದೆ. ಮಜೂರಿ ಸೇರಿ ಒಟ್ಟು ಮೂವತ್ತಾರು ಸಾವಿರ ಚಿಲ್ಲರೆ ಆಯಿತು.

ವ್ಯಾಕ್ಯೂಮ್ ಹಾಕುವಾಗ ಮುಳ್ಳು 27 ಇಂಚಿನ ಬಳಿ ನಿಂತದ್ದನ್ನು ಕಂಡು ಕೆಲಸದ ಹುಡುಗ ಅನುಮಾನಿಸಿದ. ಹಿರಿಯರ ಮಾತನ್ನು ಓದಿ ಹೇಳಿದೆ, ಅರ್ಧ ಗಂಟೆ ಕಾದೆವು, ಮುಳ್ಳು ಅಲುಗಲಿಲ್ಲ. ಗ್ಯಾಸ್ 720 ಗ್ರಾಂ ತುಂಬಿಸಿದರು. ಹೊರಗೆ 34 ಡಿಗ್ರಿ ಇದ್ದಾಗ, ನಿಂತಲ್ಲಿಯೇ 1500 ಸುತ್ತಿನಲ್ಲಿ ಕೆಳಗಿನ ಒತ್ತಡ 32 ಪಿಎಸ್‌ಐ, ಮೇಲಿನದು 225. ಕಿಂಡಿಯ ಗಾಳಿ ನಿಂತಾಗ 12 ಡಿಗ್ರಿ, ಹೆದ್ದಾರಿಯಲ್ಲಿ 7 ಡಿಗ್ರಿ.

ಒಂದೇ ತೊಂದರೆ ಉಳಿದಿದೆ. ಹೆದ್ದಾರಿಯಲ್ಲಿ ನಲವತ್ತು ನಿಮಿಷ ಓಡಿದ ಮೇಲೆ ಗಾಳಿ ತಂಪಾಗಿದ್ದರೂ ಅದರ ರಭಸ ಕಡಿಮೆಯಾಗುತ್ತಾ ಬಂದು ಬಹುತೇಕ ನಿಂತುಹೋಗುತ್ತದೆ. ಎಸಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಸರಿಹೋಗುತ್ತದೆ, ಎಡಗಡೆ ಕಾಲ ಬಳಿ ನೀರು ತೊಟ್ಟಿಕ್ಕುತ್ತದೆ. ಗ್ಯಾಸ್ ಹೆಚ್ಚಾಯಿತೇ?

ಬನ್ನಿಮಂಟಪದ ಹಳೆಯ ಕೈ, ಮೈಸೂರು

ಗ್ಯಾಸ್ ಸರಿಯಾಗಿಯೇ ಇದೆ, ನಿಮ್ಮ ಅಂಕಿಗಳು ಚೆನ್ನಾಗಿವೆ. ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚುತ್ತಿದೆ. ಥರ್ಮೋಸ್ಟಾಟಿನಿಂದ ಹೊರಡುವ ತೆಳುವಾದ ತಾಮ್ರದ ಕಡ್ಡಿ ಕಾಯಿಲಿನ ರೆಕ್ಕೆಗಳ ನಡುವೆ ಮೂರು ನಾಲ್ಕು ಇಂಚು ಒಳಗೆ ಕೂತಿರಬೇಕು. ಪೆಟ್ಟಿಗೆ ಬಿಚ್ಚಿ ತೊಳೆಯುವಾಗ ಅದನ್ನು ಎಳೆದವರು ಮತ್ತೆ ಸಿಕ್ಕಿಸಲು ಮರೆತಿರುತ್ತಾರೆ. ಆಗ ಕಾಯಿಲ್ ಎಷ್ಟು ತಣ್ಣಗಾಗಿದೆಯೆಂದು ತಿಳಿಯದೆ ಕ್ಲಚ್ ಬಿಡುವುದೇ ಇಲ್ಲ. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ನೋಡಿ. ಕಡ್ಡಿಯನ್ನು ಮಡಿಸಬೇಡಿ, ಮುರಿದರೆ ಥರ್ಮೋಸ್ಟಾಟೇ ಹೋಗುತ್ತದೆ. ನೀರು ಒಳಗೆ ತೊಟ್ಟಿಕ್ಕುತ್ತಿದ್ದರೆ ಹೊರಹೋಗುವ ರಬ್ಬರ್ ನಳಿಕೆ ಮಡಚಿಕೊಂಡಿದೆಯೇ ಎಂಬುದನ್ನೂ ಅದೇ ಕೈಯಲ್ಲಿ ನೋಡಿಬಿಡಿ.

ಕಲ್ಲಹಳ್ಳಿ ಅಂಬಾಸಿಡರ್, ಮಂಡ್ಯ

ಕಡ್ಡಿ ಪೆಟ್ಟಿಗೆಯ ಹೊರಗೆ ವೈರುಗಳ ಜೊತೆ ನೇತಾಡುತ್ತಿತ್ತು. ಒಳಗೆ ಕೂರಿಸಿದೆ, ನಳಿಕೆಯನ್ನು ನೇರ ಮಾಡಿದೆ. ಇಂದು ಮೈಸೂರಿಗೆ ಹೋಗಿ ಬಂದೆವು. ಕ್ಲಚ್ ತಾನಾಗಿಯೇ ಬಿಟ್ಟು ಹಿಡಿಯುತ್ತಿದೆ, ಗಾಳಿ ಕೊನೆಯವರೆಗೂ ಒಂದೇ ಸಮನಾಗಿತ್ತು.